ಬಂದವರನ್ನು ಎಲ್ಲಿ ಕೂರಿಸಲಿ?

ಊರಿನ ಮನೆ ಮಾರಿ, ಆ ದುಡ್ಡು ಹಾಕಿ ಬೆಂಗಳೂರಿನಲ್ಲಿ ಮಗನ ಜೊತೆಗೋ ಮಗಳ ಜೊತೆಗೋ ಫ್ಲ್ಯಾಟ್ ಮಾಡಿಕೊಳ್ಳುವ ಹಿರಿಯರು ಆಪ್ತಸಲಹೆಗೆ ಬರುವುದು ಹೆಚ್ಚಾಗಿ ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಊರಿನ ಮನೆ ಕೈಬಿಟ್ಟಿರುತ್ತದೆ, ಫ್ಲ್ಯಾಟು ಮಕ್ಕಳ ಹೆಸರಿನಲ್ಲಿರುತ್ತದೆ, ಒಂದೇ ಸೂರಿನಡಿ ಇಬ್ಬರೂ ಮಾತು ಬಿಟ್ಟಿರುತ್ತಾರೆ. ಈ ಪ್ರಕರಣದ ತಾಯಿ ಮತ್ತು ಮಗಳು ಫ್ಲ್ಯಾಟು ಕೊಳ್ಳುವ ಮೊದಲೇ ನನ್ನ ಬಳಿ ಬಂದರು. ಅದಕ್ಕೇ ಇದನ್ನು ಬರೆಯಬೇಕೆನಿಸಿತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ.

ತಾಯಿಗೆ 64 ವರ್ಷ. ಹಾಸನದಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು, ಪಿಂಚಣಿ ಬರುತ್ತದೆ. ಗಂಡ ತೀರಿಕೊಂಡಿದ್ದಾರೆ. ಮಗಳಿಗೆ 37, ಮದುವೆಯಾಗಿಲ್ಲ. ವೈಟ್‌ಫೀಲ್ಡಿನಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ ಮಾಡುತ್ತಾರೆ. ಮಗ ಪುಣೆಯಲ್ಲಿ. ಸರ್ಜಾಪುರ ರಸ್ತೆಯ ಕಡೆ 11ನೇ ಮಹಡಿಯಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ನೋಡಿಟ್ಟಿದ್ದರು, 98 ಲಕ್ಷಕ್ಕೆ. ಹಾಸನದ ಮನೆಗೆ ಗಿರಾಕಿ ಗೊತ್ತಾಗಿತ್ತು, ಅಗ್ರಿಮೆಂಟ್ ಮಾತ್ರ ಬಾಕಿ. ಅಲ್ಲಿಂದ ಬರುವ 60 ಲಕ್ಷ ಪೂರ್ತಿ ಫ್ಲ್ಯಾಟಿಗೆ, ಉಳಿದದ್ದು ಮಗಳ ಉಳಿತಾಯ ಮತ್ತು ಬ್ಯಾಂಕ್ ಸಾಲ. ಸಾಲಕ್ಕೆ ಅನುಕೂಲವೆಂದು ಫ್ಲ್ಯಾಟು ಮಗಳೊಬ್ಬರ ಹೆಸರಿಗೆ.

ಇವರು ಬಂದದ್ದು ಫ್ಲ್ಯಾಟಿನ ವಿಚಾರಕ್ಕಲ್ಲ. ಗಿರಾಕಿ ಗೊತ್ತಾದಂದಿನಿಂದ ತಾಯಿಗೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಅಮ್ಮನಿಗೆ ಖಿನ್ನತೆ ಇರಬಹುದೆಂದು ಮಗಳೇ ಕರೆದುಕೊಂಡು ಬಂದಿದ್ದರು. ತಾಯಿ ಮೊದಲೆರಡು ಭೇಟಿಯಲ್ಲೂ "ನಂಗೇನೂ ಆಗಿಲ್ಲ, ಅವಳು ಹೇಳಿದ ಹಾಗೆ" ಎಂದಷ್ಟೇ ಹೇಳಿದರು. ಖಿನ್ನತೆಯ ಬೇರೆ ಲಕ್ಷಣಗಳು ಕಾಣಲಿಲ್ಲ. ಆದರೂ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ ಎಂದೆ. ಈ ವಯಸ್ಸಿನಲ್ಲಿ ಅದನ್ನು ಬಿಟ್ಟು ಮುಂದೆ ಹೋಗಬಾರದು. ಎರಡೂ ಸರಿಯಿದ್ದವು.

ಮೂರನೇ ಭೇಟಿಗೆ ಫ್ಲ್ಯಾಟಿನ ನಕ್ಷೆಯ ಎರಡು ಪ್ರತಿ ತರಲು ಹೇಳಿದೆ. ಇಬ್ಬರಿಗೂ ಒಂದೊಂದು ಕೊಟ್ಟು, ಬೆಳಿಗ್ಗೆ 5ರಿಂದ ರಾತ್ರಿ 12ರವರೆಗೆ ನೀವು ಯಾವ ಹೊತ್ತಿನಲ್ಲಿ ಎಲ್ಲಿರುತ್ತೀರಿ, ಏನು ಮಾಡುತ್ತಿರುತ್ತೀರಿ, ಗುರುತು ಹಾಕಿ ಎಂದೆ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಕೂಡಿ ಬಾಳಲು ಮನೆ ಹುಡುಕುವವರೆಲ್ಲ ಮಾಡಬೇಕಾದ ಕೆಲಸ ಇದು. ಒಂದು ಗಂಟೆ ಸಾಕು, ಖರ್ಚಿಲ್ಲ.

ಮಗಳ ಹಾಳೆಯಲ್ಲಿ ಹಾಲ್‌ನ ಕಿಟಕಿ ಪಕ್ಕ ಕೆಲಸದ ಮೇಜು. ಬೆಳಿಗ್ಗೆ 10ರಿಂದ ಅಲ್ಲೇ, ಸಂಜೆ 6ರಿಂದ 11ರವರೆಗೆ ಅಮೆರಿಕದವರ ಜೊತೆ ಕಾಲ್. ತಾಯಿಯ ಹಾಳೆಯಲ್ಲಿ 5ಕ್ಕೆ ಏಳುವುದು, 6ಕ್ಕೆ ಮಿಕ್ಸಿ, ಏಳೂವರೆಗೆ ಪೂಜೆ ಎಂದಿತ್ತು. 11 ಗಂಟೆಯಿಂದ ಆಚೆಗೆ ಏನೂ ಬರೆದಿರಲಿಲ್ಲ. ಎರಡೂ ಹಾಳೆಯನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಖಾಲಿ ಬಿಟ್ಟಿದ್ದನ್ನು ಮಗಳು ನೋಡಿ, "ಅಮ್ಮ, ಇದು ನಿನ್ನ ರೂಮು, ಟಿವಿನೂ ಹಾಕಿಸ್ತೀನಿ, ಆರಾಮಾಗಿರು" ಎಂದರು.

ತಾಯಿ ನಕ್ಷೆ ನೋಡುತ್ತಲೇ ಕೇಳಿದರು: "ನನ್ನ ನೋಡೋಕೆ ಬಂದವರನ್ನ ಎಲ್ಲಿ ಕೂರಿಸ್ಲಿ?"

"ಇಲ್ಲಿಗೆ ಯಾರು ಬರ್ತಾರಮ್ಮ?"

"ಯಾರೂ ಬರದ ಕಡೆಗೆ ನಾನ್ಯಾಕೆ ಬರ್ಲಿ?"

ಮಗಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ತಾಯಿಗೆ ಒಳ್ಳೆಯದಾಗಲೆಂದೇ 30 ವರ್ಷದ ಸಾಲ ತಲೆ ಮೇಲೆ ಎಳೆದುಕೊಳ್ಳಲು ಹೊರಟವರು ಅವರು. ಆದರೆ ಅಮ್ಮನ ಬದುಕಿನಲ್ಲಿ ತನ್ನ ಹೊರತು ಬೇರೆ ಜನ ಇದ್ದಾರೆ ಎಂಬುದು ಆ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಆಮೇಲೆ ತಾಯಿ ಸುಮಾರು ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಿದರು. ಹಳೇ ವಿದ್ಯಾರ್ಥಿಗಳು ಮದುವೆ ಕಾಗದ ಹಿಡಿದು ಬರುತ್ತಾರೆ. ಜೊತೆಗೆ ಕೆಲಸ ಮಾಡಿದವರು ಶನಿವಾರ ಸಂಜೆ ಬಂದು ಕೂರುತ್ತಾರೆ. ನಾದಿನಿ ಆಸ್ಪತ್ರೆ ಕೆಲಸಕ್ಕೆ ಬೆಂಗಳೂರಿಗೆ ಬಂದರೆ ಉಳಿದುಕೊಳ್ಳುವುದೆಲ್ಲಿ? ಹಾಸನದಿಂದ ಬಸ್ಸಿಳಿದು ಸರ್ಜಾಪುರ ರಸ್ತೆ ಮುಟ್ಟಲು ಊರಿಡೀ ದಾಟಬೇಕು. ಬಂದರೂ ಹಾಲ್‌ನಲ್ಲಿ ಮಗಳು ಮೀಟಿಂಗ್‌ನಲ್ಲಿರುತ್ತಾರೆ, ಪಿಸುಗುಟ್ಟಿ ಮಾತಾಡಬೇಕು. ಕೊನೆಗೆ, "60 ಲಕ್ಷ ಕೊಟ್ಟೂ ಅಲ್ಲಿ ನಾನು ನೆಂಟಳೇ" ಎಂದರು. ನಿದ್ದೆ ಕೆಡಿಸಿದ್ದು ಇದು. ದುಡ್ಡಿನ ವಿಚಾರ ಎತ್ತಿದರೆ ಮಗಳನ್ನು ನಂಬಲಿಲ್ಲ ಎಂದಾಗುತ್ತದೆಂದು ಅವರು ಬಾಯಿ ಬಿಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆಯ ಮೊದಲ ಭಾಗ: ಈ ಫ್ಲ್ಯಾಟು ಬೇಡ, ಈಗಲೇ ಯಾವ ಫ್ಲ್ಯಾಟೂ ಬೇಡ. ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದು ಜೊತೆಯಲ್ಲಿ ಇದ್ದು ನೋಡಿ. ಹಾಸನದ ಮನೆಗೆ ಬೀಗ ಹಾಕಿ ಅಥವಾ ಬಾಡಿಗೆಗೆ ಕೊಡಿ, ಮಾರಬೇಡಿ. ಗಿರಾಕಿ ಕೈತಪ್ಪುತ್ತಾನೆ, ತೆರಿಗೆ ಬೀಳುತ್ತದೆ ಎಂಬ ಭಯ ಮಗಳಿಗಿತ್ತು. ಈ ಭಯದಲ್ಲೇ ಎಷ್ಟೋ ಕುಟುಂಬಗಳು ಎಡವುವುದರಿಂದ ಬಿಡಿಸಿ ಹೇಳುತ್ತೇನೆ. ವಾಸದ ಮನೆ ಮಾರಿ ಬಂದ ದೀರ್ಘಾವಧಿ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಿದ್ದರೆ, ಮಾರಿದ ಮೇಲೆ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರಾಯಿತು, ಕಟ್ಟಿಸುವುದಾದರೆ ಮೂರು ವರ್ಷ. ಮಾರುವ ಹಿಂದಿನ ಒಂದು ವರ್ಷದಲ್ಲಿ ಕೊಂಡಿದ್ದರೂ ನಡೆಯುತ್ತದೆ. ರಿಟರ್ನ್ಸ್ ಸಲ್ಲಿಸುವ ಕೊನೆ ದಿನಾಂಕದೊಳಗೆ ಬಳಕೆಯಾಗದ ಲಾಭವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು, ಅಷ್ಟೇ. ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ, ಮಾರಿದ ಹಣವನ್ನೆಲ್ಲ ಹೊಸ ಮನೆಗೆ ಸುರಿಯಬೇಕು ಎನ್ನುವುದು. ವಾಸದ ಮನೆಯಿಂದ ವಾಸದ ಮನೆಗೆ ಹೋಗುವಾಗ ಲಾಭದಷ್ಟು ಹಾಕಿದರೆ ಸಾಕು, ಅಸಲು ಕೈಯಲ್ಲೇ ಉಳಿಯಬಹುದು. ಹೊಸ ಮನೆ ಪೂರ್ತಿ ಮಗಳ ಹೆಸರಿನಲ್ಲಿದ್ದರೆ ಮಾತ್ರ ಈ ವಿನಾಯಿತಿಗೇ ತಕರಾರು ಬರಬಹುದು. ಆಡಿಟರ್ ಬಳಿ ಹೋಗುವಾಗ ಈ ಮೂರು ಅಂಶ ಬರೆದುಕೊಂಡು ಹೋಗಿ ಎಂದೆ.

ಎರಡನೇ ಭಾಗ ಹೆಸರು, ಪಾಲು. ಪುಣೆಯ ಮಗ ಫೋನ್ ಮಾಡಿ, ಕಾನೂನಿನ ಮಾತೆತ್ತಿ ತಾಯಿ ಮಗಳ ನಡುವೆ ಅನುಮಾನ ಬಿತ್ತುತ್ತಿದ್ದೀರಿ ಎಂದು ಬೇಸರಪಟ್ಟರು. ಇದೇ ಮಾತು ಬೇರೆ ಕುಟುಂಬಗಳಿಂದಲೂ ಬರುತ್ತದೆ. ಅನುಮಾನ ಮೊದಲೇ ಇತ್ತು, ಅದು ತಾಯಿಯ ನಿದ್ದೆ ತಿನ್ನುತ್ತಿತ್ತು. ಪ್ರೀತಿ ಇರುವಾಗ, ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಸ್ಥಿತಿಯಲ್ಲಿರುವಾಗ ಬರೆದ ಪತ್ರ ಇಬ್ಬರನ್ನೂ ಕಾಯುತ್ತದೆ. ಜಗಳವಾದ ಮೇಲೆ ಬರೆಯಲು ಹೊರಟರೆ ಅದು ವಕೀಲರ ನೋಟಿಸೇ ಆಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ, ಯಾರು ಬೇಸರಪಟ್ಟರೂ ಬಿಡುವುದಿಲ್ಲ.

ಪತ್ರದಲ್ಲಿ ಬೇಕಾದದ್ದು ಇಷ್ಟು. ಕ್ರಯಪತ್ರ ಇಬ್ಬರ ಹೆಸರಿನಲ್ಲಿ ಇರಲಿ, ಯಾರ ಪಾಲು ಶೇಕಡ ಎಷ್ಟು ಎಂದು ಅದರಲ್ಲೇ ನಮೂದಾಗಲಿ. ಯಾರು ಎಷ್ಟು ಕೊಟ್ಟರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಪಾಲು ಸಮವೆಂದೇ ಕಾನೂನು ಭಾವಿಸುತ್ತದೆ. ತಾಯಿಯ ಹಣ ತಾಯಿಯ ಖಾತೆಯಿಂದ ನೇರವಾಗಿ ಮಾರುವವರಿಗೆ ಹೋಗಲಿ, ಮಗಳ ಖಾತೆ ಸುತ್ತಿ ಬರುವುದು ಬೇಡ. ಸಹಮಾಲೀಕರನ್ನು ಬ್ಯಾಂಕು ಸಾಮಾನ್ಯವಾಗಿ ಸಹ ಅರ್ಜಿದಾರರನ್ನಾಗಿಯೂ ಮಾಡುತ್ತದೆ. ಹಾಗಾದರೆ ಕಂತು ತಪ್ಪಿದಾಗ ತಾಯಿಯೂ ಹೊಣೆ. ಅದಕ್ಕೆ ಮಗಳ ಜೀವದ ಮೇಲೆ ಸಾಲದ ಮೊತ್ತಕ್ಕೆ ಕಡಿಮೆಯಿಲ್ಲದ ಟರ್ಮ್ ವಿಮೆ ಮೊದಲು, ಸಾಲ ಆಮೇಲೆ. ಖರ್ಚಿನಲ್ಲಿ ನೋಂದಣಿಯನ್ನೂ ಸೇರಿಸಿಕೊಳ್ಳಬೇಕು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಶೇ 5 ಮುದ್ರಾಂಕ, ಅದರ ಮೇಲೆ ಸೆಸ್, ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ನಗರದಲ್ಲಿ ಒಟ್ಟು ಶೇ 7.6. ಇವರ 98 ಲಕ್ಷದ ಫ್ಲ್ಯಾಟಿಗೆ ಸುಮಾರು ಏಳೂವರೆ ಲಕ್ಷ. ಇದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

"ನಾಳೆ ಮನೆಯಿಂದ ಆಚೆ ಹಾಕಿದರೆ ಕಾನೂನಿದೆಯಲ್ಲ" ಎನ್ನುವವರಿಗೂ ಒಂದು ಮಾತು. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಡಿ, ನೋಡಿಕೊಳ್ಳದ ಮಕ್ಕಳಿಗೆ ಕೊಟ್ಟ ಆಸ್ತಿಯನ್ನು ಹಿಂಪಡೆಯಬಹುದು, ಅರ್ಜಿ ಉಪವಿಭಾಗಾಧಿಕಾರಿಗೆ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದು ಸಾಬೀತಾಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯ ತೀರ್ಪು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು, ಆದರೂ ಬರವಣಿಗೆ ಇಲ್ಲದವರಿಗೆ ದಾರಿ ಉದ್ದವೇ. ಮಗಳು ಫ್ಲ್ಯಾಟು ಕೊಳ್ಳಲೆಂದು ಸುಮ್ಮನೆ ವರ್ಗಾಯಿಸಿದ ಹಣಕ್ಕೆ ಇಂಥ ಷರತ್ತು ತೋರಿಸುವುದು ಇನ್ನೂ ಕಷ್ಟ.

ಮಗಳು ಮದುವೆಯಾದರೆ? ಆಗಲ್ಲ ಎಂದರು. ಆದರೂ ಮಾತಾಡಿಸಿದೆ. ವಿಲ್ ಇಲ್ಲದೆ ತಾಯಿ ಹೋದರೆ ಹಿಂದೂ ಉತ್ತರಾಧಿಕಾರದಂತೆ ಅವರ ಪಾಲು ಮಗ, ಮಗಳಿಗೆ ಸಮನಾಗಿ. ಅಂದರೆ ಪುಣೆಯ ಅಣ್ಣ ಆ ಮನೆಯ ಪಾಲುದಾರ. ಮದುವೆಯಾದ ಮಗಳು ವಿಲ್ ಇಲ್ಲದೆ ಹೋದರೆ ಅವರ ಪಾಲು ಗಂಡ, ಮಕ್ಕಳಿಗೆ, ತಾಯಿಗಲ್ಲ. ಆದ್ದರಿಂದ ನೋಂದಣಿಯ ವಾರದಲ್ಲೇ ಇಬ್ಬರೂ ವಿಲ್ ಬರೆಯಬೇಕು. ಇಬ್ಬರು ಸಾಕ್ಷಿಗಳು ಸಾಕು, ಪಾಲು ಪಡೆಯುವವರು ಸಾಕ್ಷಿಯಾಗದಿರುವುದು ಒಳ್ಳೆಯದು. ಮಗನಿಗೂ ಈಗಲೇ ತಿಳಿಸಿಬಿಡಿ ಎಂದೆ. ಇವೆಲ್ಲದರ ಮೇಲೆ, ತಾಯಿ 60ರಲ್ಲಿ 40 ಲಕ್ಷ ಮೀರಿ ಹಾಕಬಾರದು. ಉಳಿದದ್ದು ಅವರೊಬ್ಬರ ಹೆಸರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿರಲಿ. ಅದರಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಬೇಕೆನಿಸಿದ ದಿನ ಬೇರೆ ಮನೆ ಮಾಡಿಕೊಳ್ಳುವ ಶಕ್ತಿ ಕೈಯಲ್ಲಿರುವವರೇ ಜೊತೆಯಲ್ಲಿ ನೆಮ್ಮದಿಯಾಗಿ ಇರುತ್ತಾರೆ.

ಇನ್ನು ಮನೆ. ಕರಪತ್ರದಲ್ಲಿ 1,480 ಚದರಡಿ ಇದ್ದದ್ದು ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗದಲ್ಲಿ, 1,010. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಕೇಳಿ ಪಡೆದು ಅದರ ಮೇಲೆಯೇ ಲೆಕ್ಕ ಹಾಕಬೇಕು. ತಾಯಿಯ ರೂಮು 10 ಅಡಿಗೆ ಹತ್ತೂವರೆ, ಮಂಚ, ಬೀರು ಇಟ್ಟರೆ ಒಂದು ಕುರ್ಚಿಗೆ ಜಾಗ. ಮಗಳ ರೂಮಿಗೂ ಅದಕ್ಕೂ ಒಂದೇ ಗೋಡೆ. ರಾತ್ರಿ 11ರವರೆಗೆ ಕಾಲ್, ಬೆಳಿಗ್ಗೆ 6ಕ್ಕೆ ಮಿಕ್ಸಿ ಇರುವ ಮನೆಯಲ್ಲಿ ಇಬ್ಬರ ರೂಮು ಹಾಲ್‌ನ ಆಚೆ ಈಚೆ ಇರಬೇಕು, ಮಗಳ ರೂಮು ಅಡುಗೆಮನೆಯಿಂದ ದೂರ ಇರಬೇಕು. ಕೆಲಸದ ಮೇಜು ಬಾಗಿಲು ಹಾಕಿಕೊಳ್ಳುವ ಜಾಗಕ್ಕೆ ಹೋಗಬೇಕು. ಹಾಲ್ ಇಬ್ಬರದೂ, ಸಂಜೆ 4ರಿಂದ 7 ಅಮ್ಮನದು.

ಬಚ್ಚಲುಮನೆ ತಾಯಿಯ ರೂಮಿಗೆ ಅಂಟಿಕೊಂಡೇ ಇರಬೇಕು. ಟೇಪು ಹಿಡಿದು ಬಾಗಿಲ ಅಗಲ ಅಳೆಯಿರಿ. ಬಹಳಷ್ಟು ಫ್ಲ್ಯಾಟುಗಳಲ್ಲಿ ಎರಡೂವರೆ ಅಡಿಯ ಚೌಕಟ್ಟು, ಕದ ಹಾಕಿದ ಮೇಲೆ ಇನ್ನೂ ಕಡಿಮೆ, ಸಾಮಾನ್ಯ ಗಾಲಿಕುರ್ಚಿ ಸಲೀಸಾಗಿ ಹೋಗುವುದಿಲ್ಲ. ಮೂರಡಿ ಇದ್ದರೆ ಒಳ್ಳೆಯದು. ಕದ ಹೊರಕ್ಕೆ ತೆರೆಯಬೇಕು, ಇಲ್ಲವೇ ಜಾರುವ ಬಾಗಿಲಿರಬೇಕು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಕದ ಅಲ್ಲಾಡುವುದಿಲ್ಲ. ಕಮೋಡಿನ ಪಕ್ಕದ ಗೋಡೆ ತಟ್ಟಿ ನೋಡಿ, ಹಿಡಿಕಂಬಿ ಭಾರ ಹೊರಲು ಗಟ್ಟಿ ಗೋಡೆಯೇ ಬೇಕು. ಲಿಫ್ಟಿಗೆ ಸ್ಟ್ರೆಚರ್ ಹಿಡಿಯುತ್ತದೆಯೇ, ಕರೆಂಟ್ ಹೋದರೆ ಜನರೇಟರ್ ಲಿಫ್ಟಿಗೂ ಇದೆಯೇ ವಿಚಾರಿಸಿ. ಎರಡು ಮೂರನೇ ಮಹಡಿಯಾದರೆ ಲಿಫ್ಟ್ ಕೆಟ್ಟ ದಿನವೂ ಇಳಿದು ಬರಬಹುದು. ಕಾವೇರಿ ನೀರಿದೆಯೇ, ಬರೀ ಬೋರ್‌ವೆಲ್, ಟ್ಯಾಂಕರ್ ಮೇಲೆ ನಡೆಯುತ್ತದೆಯೇ? 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ವಾಧೀನಾನುಭವ ಪತ್ರ (ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆಯ ಒಪ್ಪಿಗೆ), ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಋಣಭಾರ ಪತ್ರ (ಆಸ್ತಿಯ ಮೇಲೆ ಸಾಲ ಇದೆಯೇ ಎಂದು ತೋರಿಸುವುದು) ಇಲ್ಲದ ಫ್ಲ್ಯಾಟಿನ ಒಳಗೆ ಕಾಲಿಡುವುದೂ ಬೇಡ.

ಜಾಗದ ಬಗ್ಗೆ ಇಬ್ಬರೂ ಒಪ್ಪಿದ್ದು ಯಶವಂತಪುರದ ಆಸುಪಾಸು. ಹಾಸನದ ಬಸ್ಸುಗಳು ತುಮಕೂರು ರಸ್ತೆಯಿಂದಲೇ ಊರೊಳಗೆ ಬರುತ್ತವೆ, ರೈಲೂ ಯಶವಂತಪುರದಲ್ಲಿ ನಿಲ್ಲುತ್ತದೆ. ಮಗಳಿಗೆ ವಾರಕ್ಕೆರಡು ದಿನ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್. ಅವರಿಗೆ ಇದು ದೂರವೇ. ಒಪ್ಪಿದ್ದು ದೊಡ್ಡದು. ಈಗ ಅಲ್ಲಿ ಬಾಡಿಗೆಗೆ ಎರಡನೇ ಮಹಡಿಯಲ್ಲಿದ್ದಾರೆ, ಹಾಸನದ ಮನೆ ಹಾಗೇ ಇದೆ. ಬಾಡಿಗೆ ಸಮಪಾಲು, ದಿನಸಿ ತಾಯಿಯದು, ಕರೆಂಟು, ಇಂಟರ್ನೆಟ್ ಮಗಳದು, ಕೆಲಸದವರ ಸಂಬಳ ಅರ್ಧರ್ಧ. ತಾಯಿಗೆ ನಿದ್ದೆ ಬರುತ್ತಿದೆ. ಅಡುಗೆಮನೆಯ ವಿಚಾರಕ್ಕೆ ಆಗಾಗ ಜಟಾಪಟಿ ನಡೆಯುತ್ತದೆ, ನಡೆಯಲಿ.

ಎಂಟನೇ ತಿಂಗಳಲ್ಲಿ ಇಬ್ಬರೂ ಬೇರೆ ಬೇರೆ ಕೂತು ಮೂರು ಪ್ರಶ್ನೆಗೆ ಉತ್ತರ ಬರೆದು ತರಬೇಕೆಂದು ಹೇಳಿದ್ದೇನೆ. ಈ ಮನೆಗೆ ನಿನ್ನನ್ನೇ ನೋಡಲೆಂದು ಎಷ್ಟು ಜನ ಬಂದರು? ಜೊತೆಯಲ್ಲಿರುವುದರಿಂದ ಏನು ಬಿಟ್ಟುಕೊಟ್ಟೆ? ಇದೇ ಹೊಂದಾಣಿಕೆಯಲ್ಲಿ ಇನ್ನು ಐದು ವರ್ಷ ಇರಬಲ್ಲೆಯಾ? ಮೂರನೆಯದಕ್ಕೆ ಇಬ್ಬರೂ ಹೌದು ಎಂದರೆ ಫ್ಲ್ಯಾಟು ಹುಡುಕಬಹುದು. ಒಬ್ಬರು ಅಲ್ಲವೆಂದರೂ ಅದೇ ಬಡಾವಣೆಯಲ್ಲಿ ಕೂಗಳತೆಯಲ್ಲಿ ಎರಡು ಚಿಕ್ಕ ಮನೆ ನೋಡುವುದೆಂದು ಈಗಲೇ ಮಾತಾಗಿದೆ.