ಓದುಗರ ಪ್ರಶ್ನೆ: ಅಜೋಲ್ಲಾ ತಿಂದರೂ ಹಂದಿಗೆ ಮೈ ಬರುತ್ತಿಲ್ಲ

ಪ್ರಶ್ನೆ: ನಮ್ಮಲ್ಲಿ ಸುಮಾರು 30 ಕೆ.ಜಿ. ತೂಗುವ ಹತ್ತು ಯಾರ್ಕ್‌ಷೈರ್ ಹಂದಿಗಳಿವೆ. ಸೋಯಾ ಹಿಂಡಿ ದುಬಾರಿಯಾಯಿತೆಂದು ಒಂದೊಂದಕ್ಕೆ ಕೊಡುತ್ತಿದ್ದ 300 ಗ್ರಾಂ ಹಿಂಡಿಯನ್ನು 150ಕ್ಕೆ ಇಳಿಸಿ, 2 ಕೆ.ಜಿ. ಹಸಿ ಅಜೋಲ್ಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಜರೀಗಿಡ) ಹಾಕುತ್ತಿದ್ದೇವೆ. ಚೆನ್ನಾಗಿ ತಿನ್ನುತ್ತವೆ, ಹೊಟ್ಟೆ ಉಬ್ಬಿದೆ, ಮೈ ಮಾತ್ರ ತುಂಬುತ್ತಿಲ್ಲ. ಏಕೆ?
- ಓದುಗರು, ಸೋಮವಾರಪೇಟೆ

ಉತ್ತರ: ಅಜೋಲ್ಲಾದಲ್ಲಿ ಶೇ 20ರಿಂದ 25ರಷ್ಟು ಪ್ರೋಟೀನ್ ಇದೆ ಎನ್ನುವುದು ಒಣಗಿಸಿದ ಅಜೋಲ್ಲಾದ ಲೆಕ್ಕ. ತೊಟ್ಟಿಯಿಂದ ಎತ್ತಿದ ಹಸಿ ಅಜೋಲ್ಲಾದಲ್ಲಿ ಶೇ 93ರಷ್ಟು ನೀರೇ. ನಿಮ್ಮ 2 ಕೆ.ಜಿ.ಯಲ್ಲಿ ಪ್ರೋಟೀನ್ 30 ಗ್ರಾಂ ಸಿಕ್ಕರೆ ಹೆಚ್ಚು. ಕಡಿಮೆ ಮಾಡಿದ 150 ಗ್ರಾಂ ಹಿಂಡಿಯಲ್ಲಿ 65 ಗ್ರಾಂ ಇತ್ತು! ಅದರ ಜೊತೆಗೆ ಮೆಕ್ಕೆಜೋಳದಲ್ಲಿ ಕೊರತೆಯಿರುವ ಲೈಸಿನ್ (ಪ್ರೋಟೀನಿನ ಒಂದು ಅಗತ್ಯ ಘಟಕ) ಕೂಡ ಹೋಯಿತು. ಲೈಸಿನ್ ಸಾಲದಿದ್ದರೆ ಉಳಿದ ಪ್ರೋಟೀನ್ ಎಷ್ಟಿದ್ದರೂ ಮಾಂಸವಾಗಿ ಕೂರುವುದಿಲ್ಲ. ಹಂದಿಗೆ ದನದಂತೆ ಮೆಲುಕು ಹಾಕುವ ಹೊಟ್ಟೆಯೂ ಇಲ್ಲ. ನೀರು, ನಾರಿನಿಂದಲೇ ಹೊಟ್ಟೆ ತುಂಬಿದರೆ ಕಾಳಿನ ಮೇವು ಬಾನಿಯಲ್ಲೇ ಉಳಿಯುತ್ತದೆ.

ಹಿಂಡಿಯನ್ನು ಮೊದಲಿನಷ್ಟಕ್ಕೇ ತನ್ನಿ. ಅಜೋಲ್ಲಾ ಅರ್ಧ ಕೆ.ಜಿ. ಸಾಕು. ತೊಟ್ಟಿಗೆ ಹಾಕಿದ ಸಗಣಿಯ ವಾಸನೆ ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ತೊಳೆದು, ಬಸಿದು ಕೊಡಿ.

ಸೊಪ್ಪಿನಿಂದಲೇ ಖರ್ಚು ಇಳಿಸಬೇಕೆಂದರೆ ನುಗ್ಗೆ ಮೇಲು. ಒಣ ಎಲೆಯಲ್ಲಿ ಸುಮಾರು ಶೇ 25 ಪ್ರೋಟೀನ್ ಇರುತ್ತದೆ. ಕಡ್ಡಿ ಬಿಡಿಸಿ, ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಬೆರಳಲ್ಲಿ ಹಿಚುಕಿದಾಗ ಚರಚರ ಎಂದು ಪುಡಿಯಾಗಬೇಕು. ಬಾಗಿದರೆ ಇನ್ನೂ ಹಸಿ ಇದೆ. ಹಾಗೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಹಂದಿಯ ಪಿತ್ತಜನಕಾಂಗಕ್ಕೆ ಕೆಟ್ಟದ್ದು. 5 ಕೆ.ಜಿ. ಹಸಿ ಎಲೆಗೆ ಒಂದು ಕೆ.ಜಿ. ಪುಡಿ ಸಿಕ್ಕೀತು.

ನೂರು ಕೆ.ಜಿ. ಮೇವಿಗೆ: ಮೆಕ್ಕೆಜೋಳದ ನುಚ್ಚು 58, ಸೋಯಾ ಹಿಂಡಿ 22, ಅಕ್ಕಿ ತೌಡು 8, ಗೋಧಿ ಬೂಸಾ 5, ನುಗ್ಗೆ ಪುಡಿ 5, ಖನಿಜ ಮಿಶ್ರಣ ಒಂದೂವರೆ, ಉಪ್ಪು ಅರ್ಧ ಕೆ.ಜಿ. ಪ್ರೋಟೀನ್ ಶೇ 18ರ ಹತ್ತಿರ ಬರುತ್ತದೆ. ಹಂದಿ 50 ಕೆ.ಜಿ. ದಾಟಿದ ಮೇಲೆ ಹಿಂಡಿಯನ್ನು 16ಕ್ಕೆ ಇಳಿಸಿ, ಅಷ್ಟೇ ಮೆಕ್ಕೆಜೋಳ ಹೆಚ್ಚಿಸಬಹುದು. ತೌಡು ಹೊಸದಿರಲಿ, ಕಮಟು ಬಂದದ್ದನ್ನು ಹಂದಿ ಮೂಸಿ ಬಿಡುತ್ತದೆ. ನುಗ್ಗೆ ಪುಡಿ ತುಸು ಕಹಿ, ಹಾಗಾಗಿ ಒಂದು ಕೆ.ಜಿ.ಯಿಂದ ಶುರು ಮಾಡಿ ವಾರದಲ್ಲಿ ಐದಕ್ಕೆ ಏರಿಸಿ.

ತಕ್ಕಡಿ ಇಲ್ಲದಿದ್ದರೆ ಟೇಪಿನಿಂದಲೇ ತೂಕ ಅಂದಾಜಿಸಿ. ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ, ಮತ್ತೆ 69.3ರಿಂದ ಗುಣಿಸಿ. ಅಳತೆ ಮೀಟರಿನಲ್ಲಿರಲಿ. ಸುತ್ತಳತೆ 0.75, ಉದ್ದ 0.80 ಇದ್ದರೆ ಸುಮಾರು 31 ಕೆ.ಜಿ. ಹದಿನೈದು ದಿನಕ್ಕೊಮ್ಮೆ ಅಳೆದಾಗ ಏಳು ಕೆ.ಜಿ.ಯಷ್ಟಾದರೂ ಏರಿರಬೇಕು.

ಪ್ರಶ್ನೆ: ಹಂದಿಗೆ ಸುಬಾಬುಲ್ ಮರದ ಸೊಪ್ಪು, ಕೆಸು ಹಾಕಬಹುದೇ?
- ಓದುಗರು, ಸಕಲೇಶಪುರ

ಉತ್ತರ: ಸುಬಾಬುಲ್‌ನಲ್ಲಿ ಮಿಮೊಸಿನ್ ಎಂಬ ವಿಷಾಂಶವಿದೆ. ಹೆಚ್ಚಾದರೆ ಕೂದಲು ಉದುರಿ, ಮೇವು ಬಿಡುತ್ತವೆ. ಒಣ ಎಲೆ ನೂರು ಕೆ.ಜಿ. ಮೇವಿಗೆ 5 ಕೆ.ಜಿ. ಮೀರದಿರಲಿ, ಗಬ್ಬದ ಹಂದಿಗೆ ಬೇಡವೇ ಬೇಡ. ಕೆಸುವಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಹಂದಿಯ ಬಾಯನ್ನೂ ನಮ್ಮ ಬಾಯಿಯಂತೆಯೇ ತುರಿಸುತ್ತವೆ. ಹೆಚ್ಚಿ, ಚೆನ್ನಾಗಿ ಬೇಯಿಸಿ, ನೀರು ಬಸಿದು, ಆರಿದ ಮೇಲೆ ಕೊಡಿ.