ನೆಲಕ್ಕೂ ನೀರಿಗೂ ಸಲ್ಲುವ ಸೇನಾವಾಹನಗಳ ಅಂಚೆಚೀಟಿ: ದೇಶವಾರು ಜೋಡಿಸಲೇ, ವರ್ಷವಾರು ಜೋಡಿಸಲೇ?

ನಲವತ್ತು ಚೀಟಿ ಕೂಡಿವೆ, ಪ್ರದರ್ಶನಕ್ಕೆ ಹೇಗೆ ಜೋಡಿಸಲಿ ಎಂದು ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಎರಡು ಕ್ರಮವೂ ಬೇಡ. ಮೊದಲು ಅವುಗಳಲ್ಲಿ ವಾಹನವೆಷ್ಟು, ದೋಣಿಯೆಷ್ಟು ಎಂದು ಬೇರ್ಪಡಿಸಿ.

ನಾನು ಅದನ್ನು ಮಾಡಲಿಲ್ಲ. ಒಂದು ಫ್ರೇಮಿನ (ಪ್ರದರ್ಶನದ ಚೌಕಟ್ಟಿನ) ಹದಿನಾರು ಹಾಳೆಗಳನ್ನು ವರ್ಷವಾರು ಜೋಡಿಸಿ, ‘ಉಭಯಚರ ಸೇನಾವಾಹನಗಳು’ ಎಂದು ಶೀರ್ಷಿಕೆ ಕೊಟ್ಟಿದ್ದೆ. ಮಿತ್ರಪಡೆಗಳು 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಇಳಿದ ದಿನವಾದ ಡಿ-ಡೇಯ ಐವತ್ತನೆಯ ವರ್ಷಕ್ಕೆಂದು ಬ್ರಿಟನ್ 1994ರ ಜೂನ್ 6ರಂದು ಹೊರಡಿಸಿದ 25 ಪೆನ್ಸ್ ಚೀಟಿಗಳಲ್ಲಿ, ಕಮಾಂಡೋಗಳು ಗೋಲ್ಡ್ ಬೀಚ್‌ನಲ್ಲಿ ಇಳಿಯುವ ಚೀಟಿಯನ್ನು ತೀರ್ಪುಗಾರರು ತೋರಿಸಿ, ಇದು ದಡ ಹತ್ತುವುದು ಹೇಗೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ದೋಣಿ, ದಡ ಹತ್ತುವುದೇ ಇಲ್ಲ. ಅಂಥ ಚೀಟಿಗಳು ಐದು ಹಾಳೆ ತುಂಬಿದ್ದವು. ವಿಷಯಜ್ಞಾನದ ಅಂಕಗಳೂ, ಶೀರ್ಷಿಕೆಗಿದ್ದ ಅಂಕಗಳೂ ಅಲ್ಲಿಯೇ ಹೋದವು.

ತಪ್ಪು ಎಲ್ಲಿಂದ ಹುಟ್ಟಿತೆಂಬುದನ್ನು ಬಿಡಿಸಿ ಹೇಳಬೇಕು. ಸೈನಿಕರನ್ನು ದಡದ ಬಳಿ ಇಳಿಸುವ ಹಿಗಿನ್ಸ್ ದೋಣಿಯ ಅಧಿಕೃತ ಹೆಸರು ‘ಲ್ಯಾಂಡಿಂಗ್ ಕ್ರಾಫ್ಟ್, ವೆಹಿಕಲ್, ಪರ್ಸನೆಲ್’. ಇದರಲ್ಲಿನ ‘ವೆಹಿಕಲ್’ ಎಂಬುದು ಅದು ಹೊತ್ತು ತರುವ ಹೊರೆಯೇ ಹೊರತು ಅದರ ಜಾತಿಯಲ್ಲ. ಜಾತಿಯನ್ನು ಹೇಳುವುದು ‘ಕ್ರಾಫ್ಟ್’, ಎಂದರೆ ದೋಣಿ. ಸರಪಳಿಪಟ್ಟಿಯ ಮೇಲೆ ಓಡುವ ‘ಲ್ಯಾಂಡಿಂಗ್ ವೆಹಿಕಲ್, ಟ್ರ್ಯಾಕ್ಡ್’ (ಎಲ್‌ವಿಟಿ) ಎಂಬುದರಲ್ಲಿ ಮಾತ್ರ ವಾಹನ ಎಂಬುದೇ ಜಾತಿಯ ಹೆಸರು. ಕ್ಯಾಟಲಾಗಿನ ಸಾಲಿನಲ್ಲಿ ‘ವೆಹಿಕಲ್’ ಕಂಡೊಡನೆ ಚಿತ್ರವನ್ನು ನೋಡದೆಯೇ ಹಾಳೆಗೆ ಅಂಟಿಸುತ್ತ ಹೋದದ್ದು ನನ್ನ ತಪ್ಪು.

ಇದು ಬರಿಯ ಹೆಸರಿನ ತಕರಾರು ಎಂದು ದಯವಿಟ್ಟು ಭಾವಿಸಬೇಡಿ. 1943ರ ನವೆಂಬರಿನಲ್ಲಿ ಪೆಸಿಫಿಕ್ ಸಾಗರದ ತರಾವಾದಲ್ಲಿ ಹವಳದ ದಿಬ್ಬದ ಮೇಲೆ ನೀರು ಸಾಲದೆ ಹಿಗಿನ್ಸ್ ದೋಣಿಗಳು ಅಂಚಿನಲ್ಲಿಯೇ ನಿಂತುಬಿಟ್ಟಾಗ, ಅವುಗಳಲ್ಲಿದ್ದ ಸೈನಿಕರು ಗುಂಡಿನ ಮಳೆಯಲ್ಲಿ ನೂರಾರು ಗಜ ನೀರಿನಲ್ಲಿಯೇ ನಡೆದು ಬರಬೇಕಾಯಿತು. ಸರಪಳಿಪಟ್ಟಿಯ ವಾಹನಗಳು ಅದೇ ದಿಬ್ಬವನ್ನು ಹತ್ತಿ ದಾಟಿದವು. ಅಮೆರಿಕ 1993ರಲ್ಲಿ ತರಾವಾ ದಾಳಿಗೆಂದೇ 29 ಸೆಂಟ್‌ನ ಚೀಟಿ ತಂದಿದೆ. ನಿಮ್ಮ ಫ್ರೇಮಿನ ಕಥೆ ಈ ಅಂತರದಿಂದಲೇ ಆರಂಭವಾಗಲಿ ಎಂಬುದು ನನ್ನ ಆಸೆ.

ಚೀಟಿಯ ಮೇಲೆ ಚಕ್ರಗಳು ನೀರಿನಲ್ಲಿ ಮುಳುಗಿರುವುದರಿಂದ ಗುರುತಿಸುವುದು ಕಷ್ಟ. ಭೂತಗನ್ನಡಿಯನ್ನು ಮೂತಿಯ ಮೇಲೆ ಹಿಡಿಯಿರಿ. ಎರಡನೆಯ ಮಹಾಯುದ್ಧದ ದೃಶ್ಯದಲ್ಲಿ ಮುಂಭಾಗವೇ ಬಾಗಿಲಿನಂತೆ ನೀರಿಗೆ ಬಿದ್ದಿದ್ದರೆ ಅದು ದೋಣಿ. ಪಕ್ಕದ ಗೋಡೆಯನ್ನು ಸುತ್ತಿ ಬರುವ ಸರಪಳಿಪಟ್ಟಿಯ ಹಲ್ಲುಗಳು ನೀರಿನ ಗೆರೆಯ ಮೇಲೆ ಕಂಡರೆ ಅದು ಎಲ್‌ವಿಟಿ. ದೋಣಿಯಂಥ ಮೂತಿಯ ಹಿಂದೆ ಲಾರಿಯ ಗಾಜು ಕಂಡರೆ ಹೆಚ್ಚಾಗಿ ಡಕ್: ಜನರಲ್ ಮೋಟಾರ್ಸ್‌ನ ಎರಡೂವರೆ ಟನ್ ಲಾರಿಯ ಮೇಲೆ ಕಟ್ಟಿದ, 1943ರ ಜುಲೈನಲ್ಲಿ ಸಿಸಿಲಿಯ ದಡಕ್ಕೆ ಸರಕು ಹೊತ್ತ ಆರು ಚಕ್ರದ ವಾಹನ.

ಚೀಟಿಯ ಮೇಲಿನ ಬರಹವನ್ನೂ ನಂಬಬೇಡಿ. ಬ್ರಿಟನ್ನಿನ ರಾಯಲ್ ಮೇಲ್ 2018ರ ಕೊನೆಯಲ್ಲಿ ಮುಂಚಿತವಾಗಿ ತೋರಿಸಿದ ಡಿ-ಡೇ ಚೀಟಿಯ ಚಿತ್ರ ನಾರ್ಮಂಡಿಯದಾಗಿರದೆ ಡಚ್ ನ್ಯೂಗಿನಿಯದೆಂದು ಜನರು ಪತ್ತೆಹಚ್ಚಿದ ಮೇಲೆ, ಸಂಸ್ಥೆ ಕ್ಷಮೆ ಕೇಳಿ ಅದನ್ನು ಕೈಬಿಟ್ಟಿತು. ನಲವತ್ತರಲ್ಲಿ ಹದಿನೈದೇ ಉಳಿದರೂ ಆ ಹದಿನೈದನ್ನೇ ಚಕ್ರದವು, ಸರಪಳಿಪಟ್ಟಿಯವು ಎಂದು ಜೋಡಿಸಿ. ದೋಣಿಗಳಿಗೆ ಬೇರೆ ಫ್ರೇಮ್ ಇರಲಿ.