ಹತ್ತು ದಿನಕ್ಕೇ ಮಾತ್ರೆ ಬಿಡಿಸಬೇಡಿ

ಅಮ್ಮನಿಗೆ 72 ವರ್ಷ, ಪದೇ ಪದೇ ಮೂತ್ರಕ್ಕೆ ಅವಸರ ಆಗೋದಕ್ಕೆ ಸಾಲಿಫೆನಾಸಿನ್ ಶುರು ಮಾಡಿ ಹತ್ತು ದಿನ ಆಯ್ತು, ಗುಣ ಕಾಣ್ತಿಲ್ಲ, ಬಾಯಿ ಒಣಗುತ್ತೆ, ನಿಲ್ಲಿಸಲಾ ಅಂತ ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ. ಪೂರ್ತಿ ಗುಣ ಕಾಣಲು 4ರಿಂದ 8 ವಾರ ಬೇಕಾಗಬಹುದು. ಮೂತ್ರಕೋಶ ಹೊತ್ತಲ್ಲದ ಹೊತ್ತಲ್ಲಿ ಹಿಂಡಿಕೊಳ್ಳೋದನ್ನು ಈ ಮಾತ್ರೆ ತಡೆಯುತ್ತದೆ, ಆದರೆ ಅದರ ಪರಿಣಾಮ ಜೊಲ್ಲಿನ ಮೇಲೂ ಕರುಳಿನ ಮೇಲೂ ಆಗುತ್ತದಲ್ವಾ, ಬಾಯಿ ಒಣಗೋದು, ಮಲಬದ್ಧತೆ ಎಲ್ಲ ಅದರಿಂದಲೇ.

ನನಗೆ ಜಾಸ್ತಿ ಚಿಂತೆ ಅವರ ವಯಸ್ಸಿನದು. ಈ ಗುಂಪಿನ ಔಷಧಿಗಳಿಂದ ವಯಸ್ಸಾದವರಿಗೆ ಮರೆವು, ಗೊಂದಲ ಜಾಸ್ತಿ ಆಗಬಹುದು, ಇದೇ ಗುಂಪಿನ ಇನ್ನೊಂದು ಮಾತ್ರೆ ಆಕ್ಸಿಬ್ಯುಟಿನಿನ್‌ನಿಂದ ಇನ್ನೂ ಹೆಚ್ಚು. ಹಾಗೇನಾದರೂ ಕಂಡರೆ ಡಾಕ್ಟರಿಗೆ ಬೇಗ ಹೇಳಿ. ಮೂತ್ರ ಕಟ್ಟಿಕೊಂಡರೆ, ಅಥವಾ ಕಣ್ಣು ನೋವಿನ ಜೊತೆ ದೃಷ್ಟಿ ಮಂಜಾದರೆ ಕಾಯಬೇಡಿ, ಆಗಲೇ ಕರ್ಕೊಂಡು ಹೋಗಿ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ಅದನ್ನೂ ಈಗಲೇ ತಿಳಿಸಿ.

ಇದೇ ತೊಂದರೆಗೆ ಮಿರಾಬೆಗ್ರಾನ್ ಅಂತ ಇನ್ನೊಂದು ಮಾತ್ರೆ ಇದೆ, ಅದು ಬೇರೆ ರೀತಿ ಕೆಲಸ ಮಾಡುತ್ತದೆ, ಬಾಯಿ ಅಷ್ಟು ಒಣಗುವುದಿಲ್ಲ, ಆದರೆ ಬಿಪಿ ಏರಿಸಬಹುದು. ಅವರಿಗೆ ಅದು ಹೊಂದುತ್ತಾ ಅಂತ ಕೇಳಿ ನೋಡಿ. ಮೂತ್ರದ ಸೋಂಕಿನ ಪರೀಕ್ಷೆ ಮಾಡಿಸಿದ್ದೀರಾ? ಮತ್ತೆ, ಸುಮ್ನೆ ಹೆದರಿ ದಿನಪೂರ್ತಿ ನೀರು ಕಡಿಮೆ ಮಾಡಿಸಬೇಡಿ. ಮಲಗುವ ಮುಂಚಿನ ಎರಡು ಗಂಟೆ ಕಡಿಮೆ ಕುಡಿದರೆ ಸಾಕು.